ಸೌಂಡ್ ಆಫ್ ಮಾಡಿ ನೋಡಿ: ವೆಸ್ಟರ್ನ್‌ಗಳೆಲ್ಲ ಮೂಕಿ ಚಿತ್ರಗಳೇನಾ?

ರೀಲುಪೆಟ್ಟಿಗೆ:
ಒಂದು ವಾದ ಇಡುತ್ತೇನೆ, ಒಡೆಯುವವರು ಒಡೆಯಿರಿ. ಹಾಲಿವುಡ್ ಸಿನಿಮಾ 1927ರಲ್ಲಿ 'ದಿ ಜಾಝ್ ಸಿಂಗರ್' ಮೂಲಕ ಬಾಯಿ ಬಿಟ್ಟಿತು. ಎರಡು ಮೂರು ವರ್ಷದಲ್ಲಿ ಮೂಕಿ ಚಿತ್ರಗಳ ಅಂಗಡಿ ಬಂದ್. ಆದರೆ ವೆಸ್ಟರ್ನ್‌ಗಳು, ಅಂದರೆ ಅಮೆರಿಕದ ಪಶ್ಚಿಮದ ಕೌಬಾಯ್ ಚಿತ್ರಗಳು ಮಾತ್ರ ಆಮೇಲೂ ಮೂಕಿಗಳಾಗಿಯೇ ಉಳಿದವು ಅನ್ನುವುದು ನನ್ನ ವಾದ. ಪಾತ್ರಗಳು ಮಾತಾಡುತ್ತವೆ, ನಿಜ. ಆದರೆ ಕತೆ ನಡೆಸುವುದು ಮಾತಲ್ಲ. ಯಾರು ಎಲ್ಲಿ ನಿಂತರು, ಯಾರ ಕೈ ಎಲ್ಲಿಗೆ ಹೋಯಿತು, ಯಾರು ಯಾರನ್ನು ಎಷ್ಟು ಹೊತ್ತು ನೋಡಿದರು ಅನ್ನುವುದು.

ಜಾನ್ ಫೋರ್ಡ್‌ನ 'ಸ್ಟೇಜ್‌ಕೋಚ್' (1939) ಚಿತ್ರವನ್ನು ಸೌಂಡ್ ಪೂರ್ತಿ ತೆಗೆದು ನೋಡಿ. ಪ್ರಯಾಣಿಕರ ಆ ಕುದುರೆ ಗಾಡಿಯೊಳಗೆ ಯಾರಿಗೆ ಯಾರ ಮೇಲೆ ತಿರಸ್ಕಾರ, ಯಾರಿಗೆ ಕನಿಕರ ಎಲ್ಲ ತಿಳಿಯುತ್ತದೆ. ಮಧ್ಯದ ಊಟದ ದೃಶ್ಯ ನೋಡಿ. ಊರಿನವರು ಓಡಿಸಿದ ವೇಶ್ಯೆ ಡಲ್ಲಾಸ್ ಕೂತ ತಕ್ಷಣ ಗಾಡಿಯ ಮರ್ಯಾದಸ್ಥ ಹೆಂಗಸಿನ ಮುಖ ಏನಾಗುತ್ತದೆ, ಜೂಜುಕೋರ ಹ್ಯಾಟ್‌ಫೀಲ್ಡ್ ಆ ಮರ್ಯಾದಸ್ಥೆಯನ್ನು ಮೇಜಿನ ಇನ್ನೊಂದು ತುದಿಗೆ ಹೇಗೆ ಕರೆದುಕೊಂಡು ಹೋಗುತ್ತಾನೆ, ಜೈಲಿನಿಂದ ಓಡಿ ಬಂದ ನಾಯಕ ರಿಂಗೋ ತನ್ನಿಂದಲೇ ಹೀಗಾಯಿತು ಅಂದುಕೊಂಡು ಹೇಗೆ ಪೆಚ್ಚಾಗುತ್ತಾನೆ. ಒಂದು ಸಾಲು ಸಂಭಾಷಣೆ ಬೇಕಿಲ್ಲ.

ಇದಕ್ಕೆ ಕಾರಣವೂ ಸರಳ. ಫೋರ್ಡ್ ನಿರ್ದೇಶನ ಶುರು ಮಾಡಿದ್ದು 1917ರಲ್ಲಿ. ಹತ್ತು ವರ್ಷ ಬರೀ ಮೂಕಿ ಚಿತ್ರ ತೆಗೆದ ಮನುಷ್ಯ. ಹಾಕ್ಸ್, ವಾಲ್ಶ್, ಕಿಂಗ್ ವಿಡೋರ್, ವೆಲ್‌ಮನ್ ಮೊದಲಾದ ನಿರ್ದೇಶಕರೆಲ್ಲರೂ ಅದೇ ಗರಡಿಯವರು. ಏನಂತೀರಿ?

ಹಳೇಟಾಕೀಸು:
ಒಪ್ಪಿದೆ. ಆದರೆ ಫೋರ್ಡ್‌ನಿಂದ ಯಾಕೆ ಶುರು ಮಾಡುತ್ತೀರಿ, ಇನ್ನೂ ಹಿಂದೆ ಹೋಗಿ. ಎಡ್ವಿನ್ ಪೋರ್ಟರ್ ಎಡಿಸನ್ ಕಂಪನಿಗೆ 'ದಿ ಗ್ರೇಟ್ ಟ್ರೇನ್ ರಾಬರಿ' ತೆಗೆದದ್ದು 1903ರಲ್ಲಿ. ಹನ್ನೆರಡು ನಿಮಿಷದ ಚಿತ್ರ. ಮಜಾ ಏನೆಂದರೆ ಈ 'ಪಶ್ಚಿಮ'ದ ಕತೆಯನ್ನು ಚಿತ್ರೀಕರಿಸಿದ್ದು ಪೂರ್ವದ ನ್ಯೂಜೆರ್ಸಿಯಲ್ಲಿ! ಕಳ್ಳರ ನಾಯಕ ನೇರ ನಮ್ಮ ಕಡೆ ಪಿಸ್ತೂಲು ತಿರುಗಿಸಿ ಗುಂಡು ಹಾರಿಸುವ ಒಂದು ಶಾಟ್ ಇದೆಯಲ್ಲ, ಅದಕ್ಕೂ ಕತೆಗೂ ಸಂಬಂಧವೇ ಇಲ್ಲ. ಥಿಯೇಟರಿನವರು ಅದನ್ನು ಬೇಕಾದರೆ ಮೊದಲು ಹಾಕಬಹುದು, ಬೇಕಾದರೆ ಕೊನೆಗೆ ಹಾಕಬಹುದು ಅಂತ ಕಂಪನಿಯೇ ಹೇಳಿತ್ತು.

ಅದರಲ್ಲಿ ಮೂರು ನಾಲ್ಕು ಚಿಲ್ಲರೆ ಪಾತ್ರ ಮಾಡಿದ ಆಂಡರ್ಸನ್ ಅನ್ನುವವನೇ ಮುಂದೆ 'ಬ್ರಾಂಕೊ ಬಿಲ್ಲಿ' ಆದದ್ದು. ಸಿನಿಮಾದ ಮೊದಲ ಕೌಬಾಯ್ ಸ್ಟಾರ್. ಸ್ಪೂರ್ ಜೊತೆ ಸೇರಿ ಎಸ್ಸಾನೆ ಕಂಪನಿ ಕಟ್ಟಿದ. ಎಸ್ ಅಂದರೆ ಸ್ಪೂರ್, ಎ ಅಂದರೆ ಆಂಡರ್ಸನ್. ಕ್ಯಾಲಿಫೋರ್ನಿಯಾದ ನೈಲ್ಸ್ ಊರಿನಲ್ಲಿ ಅವರ ಸ್ಟುಡಿಯೋ ಇತ್ತು. 1915ರಲ್ಲಿ ಚಾಪ್ಲಿನ್ 'ದಿ ಟ್ರ್ಯಾಂಪ್' ತೆಗೆದದ್ದು ಅಲ್ಲೇ. ಅಂದರೆ ನಮ್ಮ ಅಲೆಮಾರಿ ಚಾರ್ಲಿ ದಾರಿ ಹಿಡಿದು ನಡೆದು ಹೋದದ್ದು ಕೌಬಾಯ್‌ಗಳ ಧೂಳಿನ ರಸ್ತೆಯಲ್ಲೇ.

ಆಮೇಲೆ ವಿಲಿಯಂ ಎಸ್. ಹಾರ್ಟ್. ನಾಟಕದಲ್ಲಿ ಹೆಸರು ಮಾಡಿ, ಐವತ್ತು ಹತ್ತಿರವಾದಾಗ ಸಿನಿಮಾಗೆ ಬಂದವನು. ಕಲ್ಲಿನಂಥ ಮುಖ. ಮುಂದಿನ ಕೌಬಾಯ್ ನಾಯಕರಾದ ಜಾನ್ ವೇಯ್ನ್, ಈಸ್ಟ್‌ವುಡ್ ಎಲ್ಲ ಆ ಮುಖದ ಮೊಮ್ಮಕ್ಕಳು.

ತುಂಗಾತೀರ:
ಹಿರಿಯರೆಲ್ಲ ಸೇರಿದ್ದೀರಿ, ಬೈಯಬೇಡಿ. ನನಗೆ ಮೂಕಿ ಚಿತ್ರ ನೋಡುವುದು ಕಷ್ಟ. ಎಲ್ಲರೂ ಇರುವೆ ಗೂಡಿಗೆ ನೀರು ಬಿದ್ದ ಹಾಗೆ ಓಡಾಡುತ್ತಾರೆ. ಗಂಭೀರ ದೃಶ್ಯಕ್ಕೂ ನಗು ಬರುತ್ತದೆ. ಹಿಂದೆ ಯಾವುದೋ ಪಿಯಾನೊ ಟಿಂಗ್ ಟಿಂಗ್. ಇದನ್ನು ಯಾಕೆ ಅಷ್ಟು ಹೊಗಳುತ್ತೀರೋ ತಿಳಿಯದು.

ಪ್ರೊಜೆಕ್ಟರ್‌ರೂಮ್:
ತುಂಗಾತೀರ ಮೇಡಂ, ತಪ್ಪು ಸಿನಿಮಾದ್ದಲ್ಲ, ನೀವು ನೋಡಿದ ಕಾಪಿಯದ್ದು.

ಆಗ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲಿ ತಿರುಗಿಸಿ ಚಿತ್ರ ತೆಗೆಯುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮ್, ಕೆಲವೊಮ್ಮೆ ಇನ್ನೂ ಜಾಸ್ತಿ. ಒಂದೇ ಲೆಕ್ಕ ಅಂತಿರಲಿಲ್ಲ. ಟಾಕಿ ಬಂದ ಮೇಲೆ ಫಿಲ್ಮಿನ ಅಂಚಿನಲ್ಲಿ ಧ್ವನಿಯ ಪಟ್ಟಿ ಕೂಡಿಸಬೇಕಾಯಿತು. ವೇಗ ಸ್ವಲ್ಪ ಹೆಚ್ಚು ಕಡಿಮೆ ಆದರೂ ದನಿ ಕೆಡುತ್ತದೆ. ಹಾಗಾಗಿ ಸೆಕೆಂಡಿಗೆ 24 ಅಂತ ಗಟ್ಟಿ ಮಾಡಿದರು. ಹಳೆಯ ಚಿತ್ರವನ್ನು ಹೊಸ ಮೆಷಿನ್‌ನಲ್ಲಿ 24ರ ವೇಗಕ್ಕೆ ಓಡಿಸಿದರೆ ಎಲ್ಲರೂ ಓಡುತ್ತಾರೆ. ಟಿವಿಯವರು ದಶಕಗಳ ಕಾಲ ಹಾಗೇ ತೋರಿಸಿ, ಮೂಕಿ ಚಿತ್ರ ಅಂದರೆ ಜೋಕು ಅನ್ನುವ ಹಾಗೆ ಮಾಡಿಟ್ಟರು. ಕಾಮಿಡಿಗಳಲ್ಲಿ ಬೇಕೆಂದೇ ನಿಧಾನವಾಗಿ ತಿರುಗಿಸಿ ತೆರೆಯ ಮೇಲೆ ವೇಗ ಬರಿಸುತ್ತಿದ್ದದ್ದೂ ಉಂಟು, ಅದು ಬೇರೆ ಮಾತು.

ಪಿಯಾನೊ ವಿಷಯ. ದೊಡ್ಡ ಊರಿನ ಥಿಯೇಟರ್‌ಗಳಲ್ಲಿ ಪೂರ್ತಿ ವಾದ್ಯಮೇಳ ಕೂರುತ್ತಿತ್ತು. ಸಣ್ಣ ಊರಲ್ಲಿ ಪಿಯಾನೊ ಅಥವಾ ಆರ್ಗನ್. ಯಾವ ದೃಶ್ಯಕ್ಕೆ ಯಾವ ಸಂಗೀತ ಅಂತ ಚೀಟಿಯೂ ಬರುತ್ತಿತ್ತು. ಮೂಕಿ ಚಿತ್ರವನ್ನು ಜನ ಯಾವತ್ತೂ ನಿಶ್ಶಬ್ದವಾಗಿ ನೋಡಿದವರಲ್ಲ.

ಸರಿಯಾದ ವೇಗಕ್ಕೆ ತಂದು, ಗೀರು ಅಳಿಸಿ, ಹೊಸದಾಗಿ ಸಂಗೀತ ಕೂಡಿಸಿದ ಪ್ರತಿ ಸಿಗುತ್ತವೆ. ಅಮೆರಿಕದಲ್ಲಿ 1928ರವರೆಗಿನ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಹಾಗಾಗಿ ನೆಟ್‌ನಲ್ಲಿ ಬಿಟ್ಟಿ ಸಿಗುತ್ತವೆ, ಕಸವೂ ಅಷ್ಟೇ ಸಿಗುತ್ತದೆ. ಆರಿಸಿ ನೋಡಿ.

ಬೆಟ್ಟದಹುಲಿ:
ಮೂಕಿ ಮತ್ತು ವೆಸ್ಟರ್ನ್ ಅಂತ ಇಷ್ಟೆಲ್ಲ ಮಾತಾಡಿ ಕೀಟನ್ ಹೆಸರೇ ಇನ್ನೂ ಬರಲಿಲ್ಲವಲ್ಲ ಗುರುಗಳೇ!

ಬಸ್ಟರ್ ಕೀಟನ್ 'ಗೋ ವೆಸ್ಟ್' (1925) ಅಂತಲೇ ಒಂದು ಚಿತ್ರ ಮಾಡಿದ. ಕೆಲಸ ಹುಡುಕಿ ಪಶ್ಚಿಮಕ್ಕೆ ಹೋದವನಿಗೆ ಒಂದು ಹಸುವಿನ ಮೇಲೆ ಪ್ರೀತಿ. ಅದರಲ್ಲಿ ಒಂದು ಇಸ್ಪೀಟ್ ಆಟದ ದೃಶ್ಯ. ಮೋಸ ಮಾಡಿದೆ ಅಂತ ಇವನು ಹೇಳುತ್ತಾನೆ. ಎದುರಿನವನು ಪಿಸ್ತೂಲು ತೆಗೆದು 'ಆ ಮಾತು ಹೇಳುವಾಗ ನಗು' ಅನ್ನುತ್ತಾನೆ. ಅದು ವೆಸ್ಟರ್ನ್ ಕತೆಗಳ ಹಳೇ ಡೈಲಾಗು. ಆದರೆ ಕೀಟನ್ ನಗುವುದಿಲ್ಲವಲ್ಲ! ಅದೇ ಅವನ ಬ್ರ್ಯಾಂಡು. ಪಾಪ, ಎರಡು ಬೆರಳಿನಿಂದ ತುಟಿಯ ತುದಿಗಳನ್ನು ಮೇಲೆ ತಳ್ಳಿ ತೋರಿಸುತ್ತಾನೆ. 1919ರ 'ಬ್ರೋಕನ್ ಬ್ಲಾಸಮ್ಸ್'ನಲ್ಲಿ ಲಿಲಿಯನ್ ಗಿಶ್ ಕಣ್ಣೀರು ತುಂಬಿಕೊಂಡು ಮಾಡಿದ್ದನ್ನೇ ಇವನು ಇಲ್ಲಿ ಹೀಗೆ ಬಳಸಿದ. ಒಂದು ಸನ್ನೆಯಲ್ಲಿ ಎರಡು ಬಗೆಯ ಸಿನಿಮಾಗೂ ಚೇಷ್ಟೆ.

ಇನ್ನು 'ದಿ ಜನರಲ್' (1926). ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ನಿಜವಾಗಿ ನಡೆದ ರೈಲು ಕಳ್ಳತನದ ಕತೆ. ಆರಿಗನ್ ರಾಜ್ಯದ ಕಾಟೇಜ್ ಗ್ರೋವ್ ಸುತ್ತ ತೆಗೆದರು. ಉರಿಯುತ್ತಿರುವ ಸೇತುವೆ ಮೇಲೆ ರೈಲು ಹೋಗಿ, ಸೇತುವೆ ಮುರಿದು ಇಂಜಿನ್ ನದಿಗೆ ಬೀಳುತ್ತದೆ. ಮಾಡೆಲ್ ಅಲ್ಲ, ನಿಜವಾದ ಇಂಜಿನ್. ಆ ಒಂದು ಶಾಟ್‌ಗೆ 42,000 ಡಾಲರ್ ಖರ್ಚಾಯಿತು ಅನ್ನುತ್ತಾರೆ, ಮೂಕಿ ಕಾಲದ ಅತಿ ದುಬಾರಿ ಶಾಟ್. ಬಿದ್ದ ಇಂಜಿನ್ ನದಿಯಲ್ಲೇ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಗುಜರಿಗೆ ಎತ್ತಿಕೊಂಡು ಹೋದರು.

ಆದರೆ ನನಗೆ ಇಷ್ಟ ಆ ಸೇತುವೆ ಅಲ್ಲ. ಹುಡುಗಿ ಬೈದು ಕಳಿಸಿದ ಮೇಲೆ ಇಂಜಿನ್ ಚಕ್ರಗಳನ್ನು ಕೂಡಿಸುವ ಕಬ್ಬಿಣದ ಸರಳಿನ ಮೇಲೆ ಸಪ್ಪಗೆ ಕೂರುತ್ತಾನೆ. ರೈಲು ಹೊರಡುತ್ತದೆ. ಸರಳು ಮೇಲೆ ಕೆಳಗೆ ಹೋಗುತ್ತದೆ, ಇವನೂ ಹೋಗುತ್ತಾನೆ, ಗೊತ್ತೇ ಆಗುವುದಿಲ್ಲ. ಚಕ್ರ ಸ್ವಲ್ಪ ಜಾರಿ ಜೋರಾಗಿ ತಿರುಗಿದ್ದರೆ ಸತ್ತೇ ಹೋಗುತ್ತಿದ್ದ. ಮುಖದಲ್ಲಿ ಏನೂ ಇಲ್ಲ.

ಆಗ ಚಿತ್ರ ಸೋತಿತು. 1928ರಲ್ಲಿ ಎಂಜಿಎಂ ಸ್ಟುಡಿಯೋ ಸೇರಿದ, ಸ್ವಂತಿಕೆ ಹೋಯಿತು. ಇವನ ಮುಂದೆ ಚಾಪ್ಲಿನ್ ಬರೀ ಅಳುಬುರುಕ ಅಂತ ನನ್ನ ಅಭಿಪ್ರಾಯ.

ಮೈಸೂರುಪಾಕ್:
ಬೆಟ್ಟದಹುಲಿ, ಕೊನೆಯ ಸಾಲು ಬರೆಯದೇ ಇದ್ದರೆ ಊಟ ಸೇರುತ್ತಿರಲಿಲ್ಲವಾ?

'ದಿ ಗೋಲ್ಡ್ ರಶ್' (1925) ನೋಡಿದ್ದೀರಿ ತಾನೆ? ಹಿಮದ ಬೆಟ್ಟ, ಚಿನ್ನದ ಹುಚ್ಚು, ಕುಡುಕರ ಡ್ಯಾನ್ಸ್ ಹಾಲ್, ಗುಡಿಸಲಿಗಾಗಿ ಹೊಡೆದಾಟ. ಮರಳಿನ ಬದಲು ಹಿಮ ಇದೆ, ಅಷ್ಟೇ. ವೆಸ್ಟರ್ನ್ ಅಲ್ಲದೆ ಮತ್ತೇನು? ಹಸಿವು ತಡೆಯದೆ ಬೂಟು ಬೇಯಿಸಿ ತಿನ್ನುತ್ತಾನೆ. ಮೊಳೆಗಳನ್ನು ಮೂಳೆ ಚೀಪಿದ ಹಾಗೆ ಚೀಪುತ್ತಾನೆ. ಲೇಸನ್ನು ಶ್ಯಾವಿಗೆ ಥರ ಸುತ್ತಿಕೊಂಡು ಬಾಯಿಗಿಡುತ್ತಾನೆ. ಆ ಬೂಟನ್ನು ಮಾಡಿಸಿದ್ದು ಲಿಕೊರಿಸ್ ಮಿಠಾಯಿಯಿಂದ. ಇದು ಅಳುಬುರುಕುತನವಾ?

ಮತ್ತೆ ರೀಲುಪೆಟ್ಟಿಗೆಯವರ ವಾದಕ್ಕೆ ಇದರಲ್ಲೇ ಒಳ್ಳೇ ಸಾಕ್ಷಿ ಇದೆ. ಇದೇ ಚಿತ್ರವನ್ನು 1942ರಲ್ಲಿ ಚಾಪ್ಲಿನ್ ಮತ್ತೆ ಬಿಡುಗಡೆ ಮಾಡಿದ. ಮಾತನ್ನು ಬರೆದು ತೋರಿಸುವ ಟೈಟಲ್ ಕಾರ್ಡ್‌ಗಳನ್ನು ತೆಗೆದು ತಾನೇ ಕತೆ ಓದಿದ. ಕೊನೆಯ ಮುತ್ತನ್ನೂ ಕತ್ತರಿಸಿದ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. 1925ರದ್ದರಲ್ಲಿ ನಾವೇ ಕಂಡುಕೊಳ್ಳುವುದನ್ನು 1942ರದ್ದರಲ್ಲಿ ಅವನೇ ಕಿವಿಯಲ್ಲಿ ಹೇಳುತ್ತಾನೆ. ಚಿತ್ರ ಅದೇ, ನಟ ಅವನೇ, ದನಿಯೂ ಅವನದ್ದೇ. ಆದರೂ ಸಣ್ಣದಾಗಿ ಬಿಡುತ್ತದೆ. ನಾನು ಚಾಪ್ಲಿನ್ ಭಕ್ತ, ಆದರೂ ಹೇಳುತ್ತೇನೆ, 1942ರದ್ದು ನೋಡಬೇಡಿ.

ಬೆಟ್ಟದಹುಲಿ:
ಬೂಟಿನ ದೃಶ್ಯಕ್ಕೆ ಸಲಾಂ. ಉಳಿದದ್ದಕ್ಕೆ ಇಲ್ಲ.

ಹಳೇಟಾಕೀಸು:
ಕೀಟನ್, ಚಾಪ್ಲಿನ್ ಜಗಳ ನೂರು ವರ್ಷದಿಂದ ಮುಗಿದಿಲ್ಲ, ಇಲ್ಲಿ ಮುಗಿಯುವುದಿಲ್ಲ. ಮುಂದೆ ಹೋಗೋಣ. ತುಂಗಾತೀರ, ನಗು ಬರಬಾರದು ಅಂದರೆ 'ದಿ ವಿಂಡ್' (1928) ನೋಡಮ್ಮ. ಆಮೇಲೆ ಬಂದು ಹೇಳು.

ತುಂಗಾತೀರ:
ನೋಡಿದೆ ಸರ್. ನಗು ಬರಲಿಲ್ಲ.

ಯಾರೂ ಇದನ್ನು ವೆಸ್ಟರ್ನ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೋ. ವರ್ಜೀನಿಯಾದಿಂದ ಒಬ್ಬಳು ಹುಡುಗಿ ಟೆಕ್ಸಸ್‌ನ ಬಯಲಿಗೆ ಬರುತ್ತಾಳೆ. ಅಲ್ಲಿ ದಿನವಿಡೀ ಗಾಳಿ. ಮರಳು ರೊಟ್ಟಿಯಲ್ಲಿ, ತಟ್ಟೆಯಲ್ಲಿ, ಕೂದಲಲ್ಲಿ. ಬೇರೆ ವೆಸ್ಟರ್ನ್‌ಗಳಲ್ಲಿ ಬಯಲು ಅಂದರೆ ಗಂಡಸಿಗೆ ಕುದುರೆ ಓಡಿಸಲು ಜಾಗ. ಇಲ್ಲಿ ಅದೇ ಬಯಲು ಹೆಂಗಸನ್ನು ಮನೆಯೊಳಗೆ ಕೂಡಿ ಹಾಕುತ್ತದೆ. ತನ್ನ ಮೇಲೆ ಕೈ ಮಾಡಿದವನನ್ನು ಅವಳು ಕೊಂದು, ಹೊರಗೆ ಮರಳಿನಲ್ಲಿ ಹೂಳುತ್ತಾಳೆ. ಗಾಳಿ ಆ ಮರಳನ್ನು ಸರಿಸುತ್ತಾ ಹೋಗುತ್ತದೆ. ಕಿಟಕಿಯಿಂದ ಅವಳು ನೋಡುತ್ತಾ ನಿಂತಿರುತ್ತಾಳೆ. ನಾಯಕಿ ಲಿಲಿಯನ್ ಗಿಶ್ ಕಣ್ಣು!

ಚಿತ್ರದ ಹೆಸರೇ ಗಾಳಿ. ಗಾಳಿಯ ಸದ್ದು ಒಂದು ಸಲವೂ ಕೇಳಬೇಕು ಅನ್ನಿಸಲಿಲ್ಲ. ಕೇಳಿಸುತ್ತಲೇ ಇತ್ತು. ಈಗ ನೀವು ಹೇಳುತ್ತಿರುವುದು ಸ್ವಲ್ಪ ಅರ್ಥ ಆಯಿತು.

ನಿರ್ದೇಶಕ ಸ್ವೀಡನ್ನಿನ ವಿಕ್ಟರ್ ಶಾಸ್ಟ್ರಮ್ ಅಂತ ಓದಿದೆ. ಮೊಹಾವಿ ಮರುಭೂಮಿಯ ಬಿಸಿಲಿನಲ್ಲಿ, ವಿಮಾನದ ಪ್ರೊಪೆಲ್ಲರ್ ಹಚ್ಚಿ ಮರಳು ಹಾರಿಸಿದರಂತೆ. ಬಾಗಿಲ ಹಿಡಿ ಮುಟ್ಟಿ ಗಿಶ್ ಕೈ ಸುಟ್ಟುಕೊಂಡರಂತೆ. ಡೊರೊತಿ ಸ್ಕಾರ್ಬರೊ ಬರೆದ ಕಾದಂಬರಿಯಲ್ಲಿ ಅವಳು ಕೊನೆಗೆ ಹುಚ್ಚು ಹಿಡಿದು ಗಾಳಿಯೊಳಗೆ ನಡೆದು ಹೋಗುತ್ತಾಳೆ. ಸಿನಿಮಾದಲ್ಲಿ ಗಂಡನ ಜೊತೆ ಬಾಗಿಲಲ್ಲಿ ನಿಂತು ಗಾಳಿಗೆ ಮುಖ ಒಡ್ಡುತ್ತಾಳೆ. ನನಗೆ ಈ ಕೊನೆ ಸಾಲದು. ಒಂದೂಕಾಲು ಗಂಟೆ ಹೆದರಿಸಿ, ಎರಡು ನಿಮಿಷದಲ್ಲಿ ಸಮಾಧಾನ ಮಾಡಿದರೆ ಹೇಗೆ?

ಪ್ರೊಜೆಕ್ಟರ್‌ರೂಮ್:
ಮೇಡಂ, ಚೆನ್ನಾಗಿ ಬರೆದಿರಿ. ಆ ಚಿತ್ರ ಬಂದಾಗ ಟಾಕಿಗಳ ಹುಚ್ಚು ಏರಿತ್ತು, ಜನ ತಿರುಗಿ ನೋಡಲಿಲ್ಲ.

ಆ ಹುಚ್ಚು ವೆಸ್ಟರ್ನ್‌ಗೆ ಕೊಟ್ಟ ಏಟಿನ ಬಗ್ಗೆ ಸ್ವಲ್ಪ ಹೇಳಬೇಕು. ಮೊದಮೊದಲು ಕ್ಯಾಮೆರಾದ ಸದ್ದು ಮೈಕಿಗೆ ಹೋಗಬಾರದು ಅಂತ ಕ್ಯಾಮೆರಾವನ್ನೂ ಅದರ ಹಿಂದಿನ ಮನುಷ್ಯನನ್ನೂ ಒಂದು ಗೂಡಿನೊಳಗೆ ಕೂಡಿ ಬಾಗಿಲು ಹಾಕುತ್ತಿದ್ದರು. ನಟರು ಮೈಕ್ ಬಿಟ್ಟು ಸರಿಯುವ ಹಾಗಿಲ್ಲ. ಹೀಗಿರುವಾಗ ಕುದುರೆ ಓಡುವುದೆಲ್ಲಿಗೆ? ಬಯಲಿನಲ್ಲಿ ಧ್ವನಿ ತೆಗೆಯಬಹುದು ಅಂತ ತೋರಿಸಿದ್ದು 'ಇನ್ ಓಲ್ಡ್ ಅರಿಜೋನಾ'. 1928ರ ಕೊನೆಗೆ ಮೊದಲ ಪ್ರದರ್ಶನ. ಅದರಲ್ಲಿ ನಟಿಸಿ ನಿರ್ದೇಶಿಸಬೇಕಿದ್ದ ರಾವುಲ್ ವಾಲ್ಶ್ ರಾತ್ರಿ ಜೀಪಿನಂಥ ಗಾಡಿಯಲ್ಲಿ ಬರುವಾಗ ಮೊಲ ಹಾರಿ ಮುಂದಿನ ಗಾಜು ಒಡೆದು ಒಂದು ಕಣ್ಣು ಕಳೆದುಕೊಂಡ. ಅವನ ಪಾತ್ರ ವಾರ್ನರ್ ಬ್ಯಾಕ್ಸ್‌ಟರ್‌ಗೆ ಹೋಯಿತು, ಆಸ್ಕರೂ ಅವನಿಗೇ ಹೋಯಿತು.

ಅದೇ ವಾಲ್ಶ್ 1930ರಲ್ಲಿ 'ದಿ ಬಿಗ್ ಟ್ರೇಲ್' ತೆಗೆದ, 70 ಎಂಎಂನಲ್ಲಿ! ನಾಯಕ ಜಾನ್ ವೇಯ್ನ್, ಅವನ ಮೊದಲ ದೊಡ್ಡ ಪಾತ್ರ. ಆದರೆ ಆರ್ಥಿಕ ಕುಸಿತದ ಕಾಲ. ಧ್ವನಿಯ ಯಂತ್ರಕ್ಕೆ ಆಗಷ್ಟೇ ದುಡ್ಡು ಸುರಿದಿದ್ದ ಥಿಯೇಟರಿನವರು ಅಗಲ ಪರದೆಗೆ ಮತ್ತೆ ಎಲ್ಲಿಂದ ತರಬೇಕು? ಚಿತ್ರ ಮಲಗಿತು. ವೇಯ್ನ್ ಒಂಬತ್ತು ವರ್ಷ ಅಗ್ಗದ ಚಿತ್ರಗಳಲ್ಲಿ ಕುದುರೆ ಹತ್ತಿ ಇಳಿದ. ಫೋರ್ಡ್ ಕೂಡ 1926ರ 'ತ್ರೀ ಬ್ಯಾಡ್ ಮೆನ್' ಆದ ಮೇಲೆ 'ಸ್ಟೇಜ್‌ಕೋಚ್'ವರೆಗೆ ಒಂದೂ ವೆಸ್ಟರ್ನ್ ಮಾಡಲಿಲ್ಲ. ಹದಿಮೂರು ವರ್ಷ.

ರೀಲುಪೆಟ್ಟಿಗೆ:
ಅದಕ್ಕೇ ನಾನು ಆ ಚಿತ್ರದಿಂದ ಶುರು ಮಾಡಿದ್ದು. ಮೂಕಿ ಕಾಲದ ವಿದ್ಯೆ ಮರಳಿ ಬಂದದ್ದು ಅಲ್ಲಿ. ವೇಯ್ನ್ ಬರುವ ಶಾಟ್ ನೆನಪಿಸಿಕೊಳ್ಳಿ. ಗುಂಡಿನ ಸದ್ದು, ಗಾಡಿ ನಿಲ್ಲುತ್ತದೆ. ಒಂದು ಕೈಯಲ್ಲಿ ಜೀನು, ಇನ್ನೊಂದು ಕೈಯಲ್ಲಿ ರೈಫಲ್ ಗಿರ್ರನೆ ತಿರುಗಿಸುತ್ತಾ ನಿಂತಿದ್ದಾನೆ. ಕ್ಯಾಮೆರಾ ಅವನ ಮುಖಕ್ಕೆ ನುಗ್ಗುತ್ತದೆ. ಮಧ್ಯೆ ಒಂದು ಕ್ಷಣ ಫೋಕಸ್ ತಪ್ಪುತ್ತದೆ, ಹಾಗೇ ಬಿಟ್ಟಿದ್ದಾರೆ. ಇವನು ಯಾರು, ಯಾಕೆ ಜೈಲಿನಿಂದ ಓಡಿ ಬಂದ ಅನ್ನುವುದೆಲ್ಲ ಆಮೇಲೆ. ಮೊದಲು ಮುಖ.

ಆಮೇಲೆ ಯಾಕಿಮಾ ಕನಟ್‌ನ ಸ್ಟಂಟ್. ಓಡುವ ಗಾಡಿಯ ಮುಂದಿನ ಕುದುರೆಗೆ ಹಾರಿ, ಗುಂಡು ತಗುಲಿದವನ ಹಾಗೆ ಕುದುರೆಗಳ ನಡುವೆ ಬಿದ್ದು, ಎಳೆಸಿಕೊಂಡು ಹೋಗಿ, ಕೈ ಬಿಟ್ಟು, ಇಡೀ ಗಾಡಿ ಮೈಮೇಲಿಂದ ಹಾದು ಹೋಗುವವರೆಗೆ ನೆಲಕ್ಕೆ ಅಂಟಿ ಮಲಗುತ್ತಾನೆ. ಕನಟ್ ಕೂಡ ಮೂಕಿ ಕಾಲದ ಕೌಬಾಯ್ ನಟನೇ.

ಅರಿಜೋನಾ_ಗೌಡ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಫೋರ್ಡ್‌ನ ವೆಸ್ಟರ್ನ್‌ಗಳಲ್ಲಿ ಕಾಣುವ ದೊಡ್ಡ ಬಂಡೆಗಳ ಮಾನ್ಯುಮೆಂಟ್ ವ್ಯಾಲಿ ಇರುವುದು ಅರಿಜೋನಾ ಮತ್ತು ಯೂಟಾ ಗಡಿಯಲ್ಲಿ. ಅದು ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನೆಲ, ಇವತ್ತಿಗೂ ಅವರದ್ದೇ ಆಡಳಿತದ ಪಾರ್ಕ್. ಫೋರ್ಡ್ ಅಲ್ಲಿಗೆ ಬರುವ ಮೊದಲೇ 1925ರಲ್ಲಿ 'ದಿ ವ್ಯಾನಿಶಿಂಗ್ ಅಮೆರಿಕನ್' ಅನ್ನುವ ಮೂಕಿ ಚಿತ್ರಕ್ಕೆ ಅಲ್ಲಿ ಶೂಟಿಂಗ್ ಆಗಿತ್ತು. ಫೋರ್ಡ್‌ನ ಚಿತ್ರಗಳಲ್ಲಿ ಅಲ್ಲಿನ ನವಾಹೊ ಜನರೇ ಒಮ್ಮೆ ಅಪಾಚಿ ಬುಡಕಟ್ಟಿನವರಾದರು, ಇನ್ನೊಮ್ಮೆ ಕೊಮಾಂಚಿ ಬುಡಕಟ್ಟಿನವರಾದರು. 'ದಿ ಸರ್ಚರ್ಸ್' (1956) ಕತೆ ನಡೆಯುವುದು ಟೆಕ್ಸಸ್‌ನಲ್ಲಿ. ಟೆಕ್ಸಸ್‌ನಲ್ಲಿ ಅಂಥ ಬಂಡೆ ಎಲ್ಲೂ ಇಲ್ಲ. ಅದು ಬಿಡಿ, ಸಿನಿಮಾದಲ್ಲಿ ನಡೆಯುತ್ತದೆ. ಆದರೆ ಅದರಲ್ಲಿ ಕೊಮಾಂಚಿ ನಾಯಕ ಸ್ಕಾರ್ ಪಾತ್ರ ಮಾಡಿದವನು ಹೆನ್ರಿ ಬ್ರ್ಯಾಂಡನ್. ಹುಟ್ಟಿದ್ದು ಬರ್ಲಿನ್‌ನಲ್ಲಿ, ನೀಲಿ ಕಣ್ಣು.

ನೀವೆಲ್ಲ ಮಾತಿಲ್ಲದ್ದನ್ನು ಇಷ್ಟು ಹೊಗಳುತ್ತಿದ್ದೀರಿ. ಜಾನ್ ವೇಯ್ನ್ ಮಾತಾಡದೆ ನಿಂತರೆ ಗಾಂಭೀರ್ಯ. ಅದೇ ಚಿತ್ರದಲ್ಲಿ ಗುಡ್ಡದ ಮೇಲೆ ಸಾಲಾಗಿ ಮಾತಾಡದೆ ನಿಂತ ನವಾಹೊ ಸವಾರರು ಬರೀ ಅಪಾಯದ ಗುರುತು. ಅವರಿಗೂ ಹೇಳುವುದಿತ್ತು, ಯಾರೂ ಕೇಳಲಿಲ್ಲ. ಎರಡೂ ಮೌನವನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ.

ವಿಚಿತ್ರ ಅಂದರೆ ನಿಜವಾದ ಮೂಕಿ ಕಾಲ ಈ ವಿಷಯದಲ್ಲಿ ಸ್ವಲ್ಪ ವಾಸಿ. ಹಾಲಿವುಡ್‌ನಲ್ಲಿ ತಯಾರಾದ ಮೊದಲ ಪೂರ್ಣ ಪ್ರಮಾಣದ ಚಿತ್ರ 'ದಿ ಸ್ಕ್ವಾ ಮ್ಯಾನ್' (1914). ಅದರ ನಾಯಕಿ ಲಿಲಿಯನ್ ಸೇಂಟ್ ಸಿರ್, ಹೊಚಂಕ್ ಬುಡಕಟ್ಟಿನವರು. ತೆರೆಯ ಮೇಲೆ 'ರೆಡ್ ವಿಂಗ್' ಅಂತ ಹೆಸರು. ಐವತ್ತು ವರ್ಷ ಆದ ಮೇಲೆ, 1964ರಲ್ಲಿ, ಫೋರ್ಡ್ 'ಶೆಯೆನ್ ಆಟಮ್' ತೆಗೆದು ತಾನು ಮೂಲನಿವಾಸಿಗಳ ಪಕ್ಷ ಅಂತ ಹೇಳಹೊರಟ. ಆಗಲೂ ಮುಖ್ಯ ಪಾತ್ರಗಳಿಗೆ ಒಬ್ಬ ಶೆಯೆನ್ ಬುಡಕಟ್ಟಿನ ನಟ ಸಿಗಲಿಲ್ಲ. ಮೆಕ್ಸಿಕೊ ಮೂಲದ ನಟರು, ಜೊತೆಗೆ ಸಾಲ್ ಮಿನಿಯೊ.

ರೀಲುಪೆಟ್ಟಿಗೆ:
ಗೌಡರೇ, ಈ ಮಾತು ಬೇಕಿತ್ತು. ನನ್ನ ವಾದ ಇನ್ನೂ ನಿಲ್ಲುತ್ತದೆ ಅನ್ನಿಸುತ್ತದೆ, ಆದರೆ ಅದರ ಬೆಲೆ ಯಾರು ತೆತ್ತರು ಅನ್ನುವುದನ್ನೂ ಸೇರಿಸಿಯೇ ಹೇಳಬೇಕು.

ತುಂಗಾತೀರ:
ಗೌಡರ ಮಾತಿಗೆ ಒಂದು ಸೇರಿಸುತ್ತೇನೆ. ಮೌನದ ಪಾತ್ರ ಅಂತ ಹೆಂಗಸರಿಗೂ ಬಹಳ ಕೊಟ್ಟಿದ್ದಾರೆ. ಬಾಗಿಲಲ್ಲಿ ನಿಂತು ದಾರಿ ನೋಡುವುದು. ಅದಕ್ಕೂ ಗಾಂಭೀರ್ಯ ಅಂತ ಹೆಸರು.

ಬೆಟ್ಟದಹುಲಿ:
'ಹೈ ನೂನ್' (1952) ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಅದರ ಬಲವೇ ಮಾತಿಲ್ಲದ ಭಾಗ. ಹನ್ನೆರಡು ಗಂಟೆಯ ರೈಲಿಗೆ ಶತ್ರು ಬರುತ್ತಾನೆ. ಗಡಿಯಾರದ ಲೋಲಕ, ಖಾಲಿ ರಸ್ತೆ, ಚರ್ಚಿನಲ್ಲಿ ಕೂತವರ ಮುಖ, ಸಲೂನಿನಲ್ಲಿ ಕೂತವರ ಮುಖ, ಖಾಲಿ ಕುರ್ಚಿ, ಮತ್ತೆ ಲೋಲಕ. ಆಮೇಲೆ ರೈಲಿನ ಸಿಳ್ಳೆ. ಎಡಿಟಿಂಗ್‌ಗೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ನಾಯಕ ಗ್ಯಾರಿ ಕೂಪರ್ ಕೂಡ ಮೂಕಿ ಕಾಲದಲ್ಲಿ ಕುದುರೆ ಸವಾರನಾಗಿ ಬಂದವನು. ಮುಖದ ಒಂದು ಗೆರೆ ಸರಿಸಿದರೆ ಸಾಕು ಅನ್ನುವುದು ಅವನಿಗೆ ಗೊತ್ತಿತ್ತು.

ಹಳೇಟಾಕೀಸು:
ನನಗೆ 'ಹೈ ನೂನ್' ಸ್ವಲ್ಪ ಪಾಠ ಹೇಳಿದ ಹಾಗೆ ಅನ್ನಿಸುತ್ತದೆ. ಊರಿನವರೆಲ್ಲ ಸರದಿಯಲ್ಲಿ ಬಂದು ತಮ್ಮ ಹೇಡಿತನಕ್ಕೆ ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಆದರೆ ಅದನ್ನು ಬರೆದ ಕಾರ್ಲ್ ಫೋರ್‌ಮನ್‌ಗೆ ಆಗ ನಿಜವಾಗಿ ಹಾಗೇ ಆಗುತ್ತಿತ್ತು. ಕಮ್ಯುನಿಸ್ಟರ ಬೇಟೆಯ ಕಾಲ. ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಇತರರ ಹೆಸರು ಹೇಳಲಿಲ್ಲ, ಕಪ್ಪುಪಟ್ಟಿಗೆ ಬಿದ್ದ, ಇಂಗ್ಲೆಂಡಿಗೆ ಹೋದ. ಜಾನ್ ವೇಯ್ನ್‌ಗೆ ಈ ಚಿತ್ರ ಕಂಡರೆ ಆಗುತ್ತಿರಲಿಲ್ಲ. ತಮಾಷೆ ನೋಡಿ, ಕೂಪರ್‌ಗೆ ಇದಕ್ಕೆ ಆಸ್ಕರ್ ಬಂದಾಗ ಅವನ ಪರವಾಗಿ ವೇದಿಕೆ ಹತ್ತಿ ಅದನ್ನು ತೆಗೆದುಕೊಂಡವನು ಇದೇ ವೇಯ್ನ್!

ಇದಕ್ಕೆ ಉತ್ತರವಾಗಿ ಹಾಕ್ಸ್ ಮತ್ತು ವೇಯ್ನ್ ಮಾಡಿದ್ದು 'ರಿಯೊ ಬ್ರಾವೊ' (1959). ನಿಮ್ಮ ವಾದಕ್ಕೆ ಅದರ ಮೊದಲ ನಾಲ್ಕು ನಿಮಿಷ ಸಾಕು ರೀಲುಪೆಟ್ಟಿಗೆ. ಒಂದು ಮಾತಿಲ್ಲ. ಕುಡುಕ ಡೀನ್ ಮಾರ್ಟಿನ್ ಹಿಂಬಾಗಿಲಿನಿಂದ ಸಲೂನಿಗೆ ಬರುತ್ತಾನೆ. ಕುಡಿಯಲು ಕಾಸಿಲ್ಲ. ಒಬ್ಬ ನಾಣ್ಯ ತೋರಿಸಿ, ಅದನ್ನು ಉಗುಳುವ ಪಾತ್ರೆಗೆ ಎಸೆಯುತ್ತಾನೆ. ಇವನು ಬಗ್ಗಿ ಕೈ ಹಾಕಬೇಕು, ಅಷ್ಟರಲ್ಲಿ ಒಂದು ಬೂಟುಗಾಲು ಪಾತ್ರೆಯನ್ನು ಒದೆಯುತ್ತದೆ. ಕ್ಯಾಮೆರಾ ಕೆಳಗಿನಿಂದ ಮೇಲೆ ನೋಡುತ್ತದೆ. ವೇಯ್ನ್. ಆ ಮುಖದಲ್ಲಿ ಅಸಹ್ಯವೂ ಇದೆ, ಮರುಕವೂ ಇದೆ. ಮುಂದಿನ ಎರಡು ಗಂಟೆಯ ಕತೆ ಅಷ್ಟರಲ್ಲೇ ಮುಗಿಯಿತು. ಉಳಿದದ್ದು ಸಾವಕಾಶವಾಗಿ ಕೂತು ನೋಡುವುದು. ಪ್ಲಾಜಾ, ರೆಕ್ಸ್ ಅಂತ ಬೆಂಗಳೂರು ದಂಡಿನ ಪ್ರದೇಶದ ಟಾಕೀಸುಗಳಲ್ಲಿ ಇಂಗ್ಲಿಷ್ ಅರ್ಧಂಬರ್ಧ ಬರುತ್ತಿದ್ದ ನಮ್ಮಂಥವರು ಇಂಥ ಚಿತ್ರಗಳಿಗೆ ಮುಗಿಬೀಳುತ್ತಿದ್ದದ್ದು ಯಾಕೆ ಅಂದುಕೊಂಡಿರಿ? 'ಮೆಕೆನ್ನಾಸ್ ಗೋಲ್ಡ್' ನಮ್ಮ ದೇಶದಲ್ಲಿ ಅಷ್ಟು ಓಡಿದ್ದೂ ಡೈಲಾಗಿನಿಂದ ಅಲ್ಲ.

ಮೈಸೂರುಪಾಕ್:
ಹಾಗಾದರೆ ರಾಮನಗರವೂ ಈ ಮಾತಿಗೆ ಬರಲಿ. 'ಶೋಲೆ' (1975) ಬಂಡೆಗಳು. ಠಾಕೂರನ ಮನೆಯವರನ್ನು ಗಬ್ಬರ್ ಕೊಲ್ಲುವ ದೃಶ್ಯದಲ್ಲಿ ಮಾತು ಎಷ್ಟಿದೆ? ಜೋಕಾಲಿಯ ಕಿರ್ ಕಿರ್, ಕುದುರೆ, ಆ ಹುಡುಗನ ಮುಖ. ಅದು ಇಟಲಿಯ ವೆಸ್ಟರ್ನ್ ನಿರ್ದೇಶಕ ಸೆರ್ಜಿಯೊ ಲಿಯೋನ್‌ನಿಂದ ಬಂದದ್ದು ಅಂತ ನೋಡಿದವರಿಗೆಲ್ಲ ಗೊತ್ತು. ಈಗ ಲಿಯೋನ್ ಎಲ್ಲಿಂದ ಬಂದ ನೋಡಿ. ಅವನ ಅಪ್ಪ ರೊಬೆರ್ತೊ ರೊಬೆರ್ತಿ ಅನ್ನುವ ಹೆಸರಿನಲ್ಲಿ ಇಟಲಿಯ ಮೂಕಿ ಚಿತ್ರಗಳ ನಿರ್ದೇಶಕ, ಅಮ್ಮ ಮೂಕಿ ಚಿತ್ರಗಳ ನಟಿ. ಸುತ್ತಿ ಸುತ್ತಿ ಅಲ್ಲಿಗೇ ಬಂತು ಅಲ್ವಾ?

ಇನ್ನೊಂದು, ವಿಷಯ ಸ್ವಲ್ಪ ಪಕ್ಕಕ್ಕೆ. ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತರ ಹುಡುಗ ಸಾಬು, 'ಎಲಿಫೆಂಟ್ ಬಾಯ್' (1937) ಮಾಡಿ ಆಮೇಲೆ ಹಾಲಿವುಡ್‌ಗೆ ಹೋದನಲ್ಲ, ಅವನನ್ನು ಸಿನಿಮಾಗೆ ತಂದವನು ರಾಬರ್ಟ್ ಫ್ಲಾಹರ್ಟಿ. 1922ರಲ್ಲಿ 'ನನೂಕ್ ಆಫ್ ದಿ ನಾರ್ತ್' ಅನ್ನುವ ಮೂಕಿ ಚಿತ್ರ ತೆಗೆದ ಫ್ಲಾಹರ್ಟಿ. ನಟನೆ ಕಲಿಯದ ಹುಡುಗನ ಮುಖ ನೋಡಿ ಆರಿಸುವ ಕಣ್ಣು ಅವನಿಗೆ ಅಲ್ಲಿಂದಲೇ ಬಂದಿರಬೇಕು.

ಪ್ರೊಜೆಕ್ಟರ್‌ರೂಮ್:
ಇಷ್ಟು ಮಾತಾಡುತ್ತಿದ್ದೇವೆ, ಆದರೆ ನಾವು ನೋಡುತ್ತಿರುವುದು ಉಳಿದ ಚೂರುಗಳನ್ನು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿಸಿತು. 1912ರಿಂದ 1929ರವರೆಗೆ ಅಲ್ಲಿ ಬಂದ ಮೂಕಿ ಚಿತ್ರಗಳು ಸುಮಾರು 11,000. ಅದರಲ್ಲಿ ಬಿಡುಗಡೆಯಾದ ಮೂಲ 35 ಎಂಎಂ ರೂಪದಲ್ಲೇ ಪೂರ್ತಿ ಉಳಿದವು ಶೇಕಡಾ 14. ಆಗಿನ ನೈಟ್ರೇಟ್ ಫಿಲ್ಮು ಬೆಂಕಿ ಹತ್ತಿದರೆ ನೀರಿನೊಳಗೂ ಉರಿಯುತ್ತದೆ. ಹತ್ತದಿದ್ದರೆ ಡಬ್ಬಿಯಲ್ಲೇ ಕೊಳೆತು ಪುಡಿಯಾಗುತ್ತದೆ. 1937ರಲ್ಲಿ ನ್ಯೂಜೆರ್ಸಿಯ ಗೋದಾಮಿಗೆ ಬೆಂಕಿ ಬಿದ್ದು ಫಾಕ್ಸ್ ಕಂಪನಿಯ ಮೂಕಿ ಚಿತ್ರಗಳ ರಾಶಿಯೇ ಹೋಯಿತು. ಬೆಂಕಿ ಒಂದೇ ಅಲ್ಲ, ಟಾಕಿ ಬಂದ ಮೇಲೆ ಇವನ್ನು ಯಾರು ನೋಡುತ್ತಾರೆ ಅಂತ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು.

ಫೋರ್ಡ್‌ನ ಮೂಕಿ ಚಿತ್ರಗಳಲ್ಲೂ ಹೆಚ್ಚಿನವು ಇಲ್ಲ. ಉಳಿದವು ಸಿಕ್ಕ ಜಾಗ ನೋಡಿ. 'ಸ್ಟ್ರೇಟ್ ಶೂಟಿಂಗ್' (1917) ಚೆಕ್ ದೇಶದ ಸಂಗ್ರಹದಲ್ಲಿ. 'ಅಪ್‌ಸ್ಟ್ರೀಮ್' (1927) ನ್ಯೂಜಿಲೆಂಡ್‌ನಲ್ಲಿ, 2009ರಲ್ಲಿ. ದೂರದ ದೇಶಕ್ಕೆ ಹೋದ ಪ್ರಿಂಟನ್ನು ವಾಪಸ್ ಕಳಿಸುವ ಖರ್ಚು ದಂಡ ಅಂತ ಬಿಟ್ಟದ್ದು, ಅದರಿಂದ ಉಳಿಯಿತು. ನಮಗೆ ಬೇರೆಯವರನ್ನು ಆಡಿಕೊಳ್ಳುವ ಹಕ್ಕಿಲ್ಲ ಬಿಡಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' (1934) ಒಂದು ಪ್ರಿಂಟೂ ಉಳಿದಿಲ್ಲ.

ಹಳೇಟಾಕೀಸು:
'ಸ್ಟ್ರೇಟ್ ಶೂಟಿಂಗ್' ಉಳಿದದ್ದು ದೊಡ್ಡ ಪುಣ್ಯ. ಯಾಕೆ ಹೇಳುತ್ತೇನೆ. ಅದರ ನಾಯಕ ಹ್ಯಾರಿ ಕ್ಯಾರಿ, ಫೋರ್ಡ್‌ನ ಜೊತೆ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಮಾಡಿದವನು. ಎಡಗೈಯಿಂದ ಬಲಗೈಯ ಮೊಣಕೈ ಹತ್ತಿರ ಹಿಡಿದು ನಿಲ್ಲುವುದು ಅವನ ಭಂಗಿ. ಕ್ಯಾರಿ 1947ರಲ್ಲಿ ತೀರಿಕೊಂಡ. 'ದಿ ಸರ್ಚರ್ಸ್' ಕೊನೆಯಲ್ಲಿ ಎಲ್ಲರೂ ಮನೆಯೊಳಗೆ ಹೋಗುತ್ತಾರೆ, ವೇಯ್ನ್ ಒಬ್ಬನೇ ಬಾಗಿಲ ಹೊರಗೆ ಉಳಿಯುತ್ತಾನೆ. ಆಗ ಅವನು ಹಿಡಿಯುವುದು ಅದೇ ಭಂಗಿ. ಆ ದೃಶ್ಯದಲ್ಲಿ ಮನೆಯ ಯಜಮಾನಿಯಾಗಿ ನಟಿಸಿದವರು ಕ್ಯಾರಿಯ ಹೆಂಡತಿ ಓಲಿವ್. ಅವರ ಮಗನೂ ಚಿತ್ರದಲ್ಲಿದ್ದಾನೆ. 1956ರ ಬಣ್ಣದ, ಅಗಲ ಪರದೆಯ ವಿಸ್ಟಾವಿಶನ್ ಚಿತ್ರ ಮುಗಿಯುವುದು 1917ರ ಮೂಕಿಯ ಸನ್ನೆಯಿಂದ. ಆ ಚಿತ್ರಕ್ಕೆ ಒಂದೂ ಆಸ್ಕರ್ ನಾಮಿನೇಶನ್ ಬರಲಿಲ್ಲ ಅನ್ನುವುದು ಆಸ್ಕರ್‌ನವರ ಹಣೆಬರಹ.

ಅರಿಜೋನಾ_ಗೌಡ:
ಇದು ಗೊತ್ತಿರಲಿಲ್ಲ ಸರ್. ಸ್ಕಾರ್ ಬಗ್ಗೆ ನನ್ನ ಸಿಟ್ಟು ಹಾಗೇ ಇದೆ, ಆದರೂ ಇನ್ನೊಮ್ಮೆ ನೋಡುತ್ತೇನೆ.

ಬೆಟ್ಟದಹುಲಿ:
ಎಲ್ಲರೂ ಒಪ್ಪಿಬಿಟ್ಟರೆ ಮಜಾ ಇರುವುದಿಲ್ಲ. 'ಜಾನಿ ಗಿಟಾರ್' (1954) ಸೌಂಡ್ ತೆಗೆದು ನೋಡಿ, ರೀಲುಪೆಟ್ಟಿಗೆ. ಏನೂ ಉಳಿಯುವುದಿಲ್ಲ. ಅಡುಗೆಮನೆಯಲ್ಲಿ ಸ್ಟರ್ಲಿಂಗ್ ಹೇಡನ್ 'ಸುಳ್ಳಾದರೂ ಹೇಳು' ಅಂತ ಕೇಳುತ್ತಾನೆ, ಜೋನ್ ಕ್ರಾಫರ್ಡ್ ಅವನು ಹೇಳಿಕೊಟ್ಟದ್ದನ್ನೇ ಒಂದೊಂದಾಗಿ ವಾಪಸ್ ಹೇಳುತ್ತಾಳೆ. ದನಿಯಲ್ಲಿ ಪ್ರೀತಿಯ ಪಸೆಯೇ ಇಲ್ಲ. ಆ ದೃಶ್ಯಕ್ಕೆ ಕಿವಿ ಬೇಕು, ಕಣ್ಣು ಸಾಲದು. ಮತ್ತೆ ಬಂದೂಕು ಹಿಡಿದು ಎದುರು ಬದುರು ನಿಲ್ಲುವವರು ಇಬ್ಬರೂ ಹೆಂಗಸರು.

ತುಂಗಾತೀರ:
ಇಬ್ಬರೂ ಹೆಂಗಸರಾ? ಇದನ್ನು ಮೊದಲೇ ಹೇಳಬಾರದಿತ್ತಾ!

ರೀಲುಪೆಟ್ಟಿಗೆ:
'ಜಾನಿ ಗಿಟಾರ್' ನಿರ್ದೇಶಕ ನಿಕೊಲಸ್ ರೇ. ಮೊದಲ ಚಿತ್ರ ಮಾಡಿದ್ದು ನಲವತ್ತರ ದಶಕದಲ್ಲಿ, ಅದಕ್ಕೂ ಮೊದಲು ನಾಟಕ, ರೇಡಿಯೊ. ಮೂಕಿ ಕಾಲದವನೇ ಅಲ್ಲ. ಹಾಗಾಗಿ ನನ್ನ ವಾದಕ್ಕೆ ಅದು ಪೆಟ್ಟಲ್ಲ, ಬೆಂಬಲ. ಆದರೆ 'ಹೈ ನೂನ್' ತೆಗೆದ ಝಿನ್ನೆಮನ್ ವಿಷಯ ಕೇಳಿದರೆ ಸ್ವಲ್ಪ ಯೋಚಿಸಬೇಕು.

ಪ್ರೊಜೆಕ್ಟರ್‌ರೂಮ್:
ಯೋಚಿಸುವುದೇನಿಲ್ಲ. ಝಿನ್ನೆಮನ್ 1929ರಲ್ಲಿ ಬರ್ಲಿನ್‌ನಲ್ಲಿ 'ಪೀಪಲ್ ಆನ್ ಸಂಡೆ' ಮೂಕಿ ಚಿತ್ರದ ಕ್ಯಾಮೆರಾ ತಂಡದಲ್ಲಿದ್ದವನು. ಅವನೂ ನಿಮ್ಮ ಕಡೆಗೇ.

ಬೆಟ್ಟದಹುಲಿ:
ಸರಿ ಮಾರಾಯರೇ, ಇದು ನಿಮಗೆ. ಕೀಟನ್ ಚಾಪ್ಲಿನ್‌ಗಿಂತ ದೊಡ್ಡವನು ಅನ್ನುವುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಮೈಸೂರುಪಾಕ್:
ಶುರುವಾಯಿತು.